ಎಳನೀರು ನೀರಲ್ಲ ಅಂದುಕೊಂಡಿದ್ದೆ

ಅದು ತೊಂಬತ್ತೇಳನೇ ಇಸವಿ, ಸಂಕ್ರಾಂತಿ ಕಳೆದ ಮಾರನೇ ವಾರ. ನನ್ನ ಮಗಳು ಎರಡನೇ ಹೆರಿಗೆಗೆಂದು ಹೊನ್ನವಳ್ಳಿ ಹತ್ತಿರದ ನಮ್ಮ ಊರಿಗೆ ಬಂದಿದ್ದಳು. ಗಂಡು ಮಗು ಹುಟ್ಟಿ ಹದಿನೈದು ದಿನವಾಗಿತ್ತು. ಅವಳ ಜೊತೆ ಬಂದಿದ್ದವಳು ಅವಳ ಮೊದಲ ಮಗು ಪವಿತ್ರ, ಆರು ವರ್ಷದವಳು, ನನ್ನ ಮೊದಲನೇ ಮೊಮ್ಮಗಳು. ಬಾಣಂತಿ ಕೋಣೆಗೆ ಪದೇ ಪದೇ ಹೋಗಬೇಡ ಅಂದಿದ್ದಕ್ಕೆ ಅವಳು ನನ್ನ ಬೆನ್ನು ಹಿಡಿದಿದ್ದಳು. ನಾನು ತೋಟಕ್ಕೆ ಹೋದರೆ ತೋಟಕ್ಕೆ, ಅಟ್ಟ ಹತ್ತಿದರೆ ಅಟ್ಟಕ್ಕೆ. ನಾನು ಕೊಬ್ಬರಿಗೆ ಇಟ್ಟ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ನೀರು ಆರಿದೆಯೋ ಇಲ್ಲವೋ ನೋಡುವಾಗ ಅವಳೂ ಒಂದು ಕಾಯಿ ಎತ್ತಿಕೊಂಡು, "ಇದ್ರಲ್ಲಿ ಇನ್ನೂ ನೀರೈತೆ ತಾತ, ಮಡಗು" ಎಂದು ದೊಡ್ಡ ವ್ಯಾಪಾರಿಯ ಹಾಗೆ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಮುಖ ದುಂಡಗೆ ಕಂಡಿತು. ನನ್ನ ಹೆಂಡತಿ ಹಿಗ್ಗಿಹೋದಳು.

"ನೋಡ್ರೀ, ನಮ್ಮನೆ ಅನ್ನ ಹೆಂಗ್ ಮೈಗ್ ಹತ್ತೈತೆ! ಕೆನ್ನೆ ನೋಡಿ, ಬನ್ನು ಇದ್ದಂಗವೆ. ಅವರಪ್ಪ ಬಂದ್ರೆ ಗುರುತೇ ಹಿಡಿಯಲ್ಲ."

ನನಗೂ ಹೆಮ್ಮೆಯೇ ಆಯಿತು. ಮಾರನೇ ದಿನ ಇನ್ನಷ್ಟು ದುಂಡಗಾದಳು. ಮೂರನೇ ದಿನ ಬೆಳಿಗ್ಗೆ ಅವಳಿಗೆ ಕಣ್ಣು ಬಿಡಲು ಆಗಲಿಲ್ಲ. ರೆಪ್ಪೆಗಳು ಊದಿ ಮುಚ್ಚಿಕೊಂಡಿದ್ದವು. ಹಿತ್ತಲಲ್ಲಿ ಒಂದಕ್ಕೆ ಕೂರಿಸಿದರೆ ಸ್ವಲ್ಪವೇ ಹೋಯಿತು, ಅದೂ ಬೆಲ್ಲದ ಕಾಫಿಯ ಬಣ್ಣ. ನಮ್ಮ ಅನ್ನ ಮೈಗೆ ಹತ್ತಿದ್ದಲ್ಲ ಅಂತ ಆಗ ತಿಳಿಯಿತು. ಅಳಿಯ ಲಾರಿ ಓಡಿಸುವವನು, ಕೊಬ್ಬರಿ ಲೋಡು ಹಾಕಿಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದ. ಮಗಳು ಬಾಣಂತಿ. ಅವಳನ್ನೂ ಹಸುಗೂಸನ್ನೂ ನೋಡಿಕೊಳ್ಳಲು ನನ್ನ ಹೆಂಡತಿ ಮನೆಯಲ್ಲೇ ಇರಬೇಕು. ಉಳಿದವನು ನಾನೊಬ್ಬನೇ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮೊದಲ ಬಸ್ಸಿಗೇ ತಿಪಟೂರಿಗೆ ಬಂದು ಒಂದು ಆಸ್ಪತ್ರೆಗೆ ಸೇರಿಸಿದೆ.

ಮಕ್ಕಳ ಡಾಕ್ಟರು ಮೊದಲು ನೋಡಿದ್ದು ಅವಳ ಕಾಲನ್ನು. ಮೊಣಕಾಲ ಕೆಳಗೆ ಹಿಂದಿನ ತಿಂಗಳು ಕಜ್ಜಿಯಾಗಿ ಒಣಗಿದ ಕಲೆಗಳಿದ್ದವು. "ಆ ಹುಣ್ಣಿನ ನಂಜು ಕಿಡ್ನಿಗೆ ಹೊಡೆದಿದೆ ಯಜಮಾನ್ರೇ. ಕಿಡ್ನಿ ಕೆಲಸ ನಿಧಾನ ಮಾಡಿದೆ. ಒಳಗೆ ಹೋದ ನೀರು ಹೊರಗೆ ಬರ್ತಿಲ್ಲ, ಮೈಯಲ್ಲೇ ನಿಲ್ತಿದೆ. ಸುಮಾರು ಮಕ್ಕಳಿಗೆ ತಾನಾಗಿ ಸರಿಹೋಗುತ್ತೆ. ಅಲ್ಲಿವರೆಗೆ ಹುಷಾರಾಗಿರಬೇಕು. ಉಪ್ಪು ಬೇಡ. ನೀರು ದಿನಕ್ಕೆ ಎರಡು ಲೋಟದ ಮೇಲೆ ಒಂದು ಹನಿಯೂ ಬೇಡ" ಅಂದರು.

ಆ ವಾರ್ಡಿನಲ್ಲಿ ಶಾಂತಮ್ಮ ಅಂತ ಒಬ್ಬರು ಸಿಸ್ಟರ್ ಇದ್ದರು. ನಲವತ್ತು ದಾಟಿದವರು. ಬಿಜಾಪುರದ ಕಡೆಯವರು, ನಮ್ಮ ಸೀಮೆಗೆ ಬಂದು ಇನ್ನೂ ಒಂದೇ ತಿಂಗಳಾಗಿತ್ತಂತೆ. ಅವರು ಬಂದವರೇ ಡಾಕ್ಟರು ಕೇಳಿದ್ದನ್ನೆಲ್ಲ ಮತ್ತೆ ಕೇಳಲು ಶುರುಮಾಡಿದರು. ಯಾವತ್ತಿನಿಂದ ಊತ, ಬೆಳಿಗ್ಗೆ ಜಾಸ್ತಿಯೋ ಸಂಜೆ ಜಾಸ್ತಿಯೋ, ಒಂದಕ್ಕೆ ಎಷ್ಟು ಸಲ, ತಲೆನೋವಿದೆಯಾ, ಮಲಗಿದರೆ ಉಸಿರು ಕಟ್ಟುತ್ತದಾ. ನನಗೆ ರೇಗಿತು.

"ಎಲ್ಲಾನೂ ಡಾಕ್ಟ್ರು ಕೇಳಾಯ್ತಲ್ಲಮ್ಮ, ಮತ್ತೆ ನೀವ್ಯಾಕೆ ಕೇಳ್ತೀರಾ?"

"ಡಾಕ್ಟರ್ ಜಡ್ಡು ಏನಂತ ಕೇಳ್ತಾರ್ರೀ ಅಜ್ಜಾರ. ನಾ ಹುಡುಗಿ ಹ್ಯಾಂಗದಾಳ ಅಂತ ಕೇಳ್ತೀನಿ" ಎಂದು ಅವರು ಬರೆಯುತ್ತಲೇ ಇದ್ದರು.

ಆಯಮ್ಮ ಬಲು ಕಟ್ಟುನಿಟ್ಟು. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಫ್ರಾಕಿನಲ್ಲಿ ಮಗುವನ್ನು ತೂಕಕ್ಕೆ ನಿಲ್ಲಿಸೋರು. ಗಡಿಯಾರ ನೋಡಿಕೊಂಡು ಒಂದು ನಿಮಿಷ ಪೂರ್ತಿ ಅವಳ ಹೊಟ್ಟೆ ಏರಿ ಇಳಿಯುವುದನ್ನು ಎಣಿಸೋರು. ಒಂದಕ್ಕೆ ಹೋದದ್ದನ್ನು ಗೆರೆ ಇರುವ ಪ್ಲಾಸ್ಟಿಕ್ ಜಾರಿಗೆ ಹಿಡಿದು ಅಳೆಯೋರು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾರ, ನೀರು ಎಷ್ಟು ಕುಡಿಸೀರಿ?" ಅನ್ನೋರು.

"ಎರಡೇ ಲೋಟ ಕಣಮ್ಮ, ದೇವ್ರಾಣೆಗೂ" ಅನ್ನುತ್ತಿದ್ದೆ. ಸುಳ್ಳಲ್ಲ. ಲೋಟ ಅಳೆದೇ ಕೊಡುತ್ತಿದ್ದೆ.

ಈಗ ನಮ್ಮ ಸೀಮೆಯ ಒಂದು ರೂಢಿ ಹೇಳಬೇಕು. ಬೇರೆ ಊರಿನಲ್ಲಿ ರೋಗಿ ನೋಡಲು ಬರುವವರು ಬ್ರೆಡ್ಡು, ಕಿತ್ತಳೆ ಹಣ್ಣು ತರುತ್ತಾರೆ. ನಮ್ಮಲ್ಲಿ ಎಳನೀರು ತರುತ್ತಾರೆ. ಆ ವಾರ್ಡಿನಲ್ಲಿ ಯಾವ ಮಂಚದ ಕೆಳಗೆ ಬಗ್ಗಿ ನೋಡಿದರೂ ನಾಲ್ಕು ಎಳನೀರು ಕಾಣುತ್ತಿದ್ದವು. ನಮ್ಮ ಬಾಯಲ್ಲಿ ನೀರು ಬೇರೆ, ಎಳನೀರು ಬೇರೆ. ಬಾವಿಯದು, ಬೋರಿನದು, ನಲ್ಲಿಯದು ನೀರು. ಎಳನೀರು ಅಂದರೆ ಔಷಧಿ. ಜ್ವರ ಬಂದರೆ ಎಳನೀರು, ಉಷ್ಣವಾದರೆ ಎಳನೀರು, ಉಚ್ಚೆ ಕಟ್ಟಿದರಂತೂ ಎಳನೀರೇ. ನಮ್ಮಪ್ಪ ನನಗೆ ಕುಡಿಸಿದ್ದ, ನಾನು ನನ್ನ ಮಕ್ಕಳಿಗೆ ಕುಡಿಸಿದ್ದೆ. ಆದ್ದರಿಂದ ನಾನು ನಮ್ಮ ಮಂಚದ ಕೆಳಗಿದ್ದವುಗಳಲ್ಲಿ ದಿನಕ್ಕೆ ನಾಲ್ಕು ಎಳೆಗಾಯಿ ಆರಿಸಿ, ಗೇಟಿನ ಹೊರಗಿನ ಅಂಗಡಿಯವನ ಹತ್ತಿರ ಕೆತ್ತಿಸಿ, ಚೊಂಬಿಗೆ ಬಗ್ಗಿಸಿಕೊಂಡು ಬಂದು ಪವಿತ್ರನಿಗೆ ಕುಡಿಸುತ್ತಿದ್ದೆ. ಮುಚ್ಚುಮರೆ ಏನೂ ಇಲ್ಲ, ಅಕ್ಕಪಕ್ಕದ ಮಂಚದವರೆದುರೇ ಕುಡಿಸಿದೆ. ಬಾಯಾರಿಕೆಯಿಂದ ಕಂಗಾಲಾಗಿದ್ದ ಕೂಸು ಗಟಗಟ ಕುಡಿದು ನನ್ನ ಮುಖ ನೋಡಿ ನಗುತ್ತಿತ್ತು. ಡಾಕ್ಟರ ಮಾತ್ರೆಗಿಂತ ನನ್ನ ಔಷಧಿಯೇ ಮೊದಲು ಹಿಡಿಯುತ್ತದೆ ಅಂತ ನನಗೆ ಒಳಗೊಳಗೇ ಧೈರ್ಯ.

ಸೇರಿಸಿದ ದಿನ ಅವಳ ತೂಕ ಹದಿನೆಂಟು ಕೆ.ಜಿ. ಮಾರನೇ ದಿನ ಹದಿನೆಂಟು ಮುಕ್ಕಾಲು. ಅದರ ಮಾರನೇ ದಿನ ಹತ್ತೊಂಬತ್ತೂವರೆ. ಊಟ ಬಿಟ್ಟ ಮಗು ತೂಕ ಏರುತ್ತಿತ್ತು. ಜಾರಿಗೆ ಬಿದ್ದದ್ದು ಮಾತ್ರ ತಳ ಮುಚ್ಚುವಷ್ಟು. ಆ ಬೆಳಿಗ್ಗೆ ಅವಳಿಗೆ ತಲೆನೋವು ಬಂದು ವಾಂತಿಯಾಯಿತು. ಡಾಕ್ಟರು ಬಿ.ಪಿ. ನೋಡಿ ಮುಖ ಸಣ್ಣದು ಮಾಡಿದರು.

"ಬಿ.ಪಿ. ಏರಿದೆ. ಹೀಗೇ ಏರಿದರೆ ಫಿಟ್ಸ್ ಬರಬಹುದು. ಔಷಧಿ ಕೊಟ್ಟರೂ ಯಾಕೆ ಇಳೀತಿಲ್ಲ ಗೊತ್ತಾಗ್ತಿಲ್ಲ. ನಾಳೆ ಸಂಜೆಯೊಳಗೆ ಮೂತ್ರ ಬಿಡದಿದ್ದರೆ ಬೆಂಗಳೂರಿಗೆ ಕರ್ಕೊಂಡು ಹೋಗಿ. ಅಲ್ಲಿ ಮಿಷನ್ನಿಗೆ ಹಾಕಿ ರಕ್ತ ಶುದ್ಧಿ ಮಾಡಬೇಕಾಗಬಹುದು" ಅಂದರು.

ಬಾಣಂತಿ ಮಗಳಿಗೆ ಏನು ಹೇಳಲಿ? ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತುಬಿಟ್ಟೆ.

ಹತ್ತು ಗಂಟೆ ಹೊತ್ತಿಗೆ ಶಾಂತಮ್ಮ ಸಿಸ್ಟರ್ ಸ್ಟೂಲು ಎಳೆದುಕೊಂಡು ಬಂದು ನನ್ನ ಮುಂದೆ ಕೂತರು. ಕೈಯಲ್ಲಿ ಪೆನ್ನಿರಲಿಲ್ಲ.

"ಅಜ್ಜಾರ, ಇವತ್ತು ನಾ ನೀರಿನ ಸುದ್ದಿ ಕೇಳಾಂಗಿಲ್ಲ. ನಿನ್ನೆ ಮುಂಜಾನೆ ಎದ್ದಾಗಿಂದ ಮಲಗೂ ತನಕ ಈ ಹುಡುಗಿ ಬಾಯಾಗ ಏನೇನು ಹೋಗೈತಿ, ಒಂದೊಂದ ಹೇಳ್ರಿ. ಗುಳಿಗಿ ನುಂಗಿದ ನೀರೂ ಬಿಡಬ್ಯಾಡ್ರಿ. ಅವಸರಿಲ್ಲ."

ನಾನು ಬೆರಳು ಮಡಿಸುತ್ತಾ ಹೇಳಿದೆ. "ಎದ್ದೇಟ್ಗೆ ಅರ್ಧ ಲೋಟ ನೀರು. ಅರ್ಧ ಇಡ್ಲಿ, ಉಪ್ಪಿಲ್ದಿದ್ದು. ಆಮ್ಯಾಕೆ ಒಂದು ಎಳನೀರು. ಮಾತ್ರೆಗೆ ಒಂದ್ ಗುಟುಕು ನೀರು. ಹನ್ನೊಂದು ಗಂಟೆಗೆ ಇನ್ನೊಂದು ಎಳನೀರು..."

ಸಿಸ್ಟರ್ ಕೈ ಎತ್ತಿದರು. "ನಿಂದರ್ರಿ. ಎಳನೀರು ಯಾರು ಕುಡಿದ್ರು?"

"ಮಗೂನೇ ಕಣಮ್ಮ."

"ಈ ಮಂಚದ ಬುಡಕ ಇದ್ದವಲ್ಲ, ಅವು ನಿಮಗಂತ ತಂದದ್ದಲ್ಲೇನು?"

"ನನಗ್ಯಾಕಮ್ಮ? ನಾನೇನ್ ಕಾಯಿಲೆ ಬಿದ್ದಿದೀನಾ?"

"ದಿನಕ್ಕ ಎಷ್ಟು?"

"ನಾಲ್ಕು. ಅದಕ್ಕಿಂತ ಹೆಚ್ಗೆ ಕೊಟ್ಟಿಲ್ಲ, ಶೀತ ಆಯ್ತದೆ ಅಂತ."

ಅವರು ಎದ್ದು ಮೊದಲು ಪವಿತ್ರನ ಕೈ ಹಿಡಿದು ನಾಡಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಎಣಿಸಿದರು. ಆಮೇಲೆ ಓಡು ನಡಿಗೆಯಲ್ಲಿ ಹೋಗಿ ಡಾಕ್ಟರನ್ನು ಕರೆತಂದರು. ಮಗುವಿನ ಎದೆಗೆ ವೈರು ಹಚ್ಚಿ ಉದ್ದದ ಕಾಗದ ತೆಗೆದರು, ರಕ್ತ ತೆಗೆದು ಕಳಿಸಿದರು, ಒಂದು ಇಂಜೆಕ್ಷನ್ ಕೊಟ್ಟರು. ಯಾರೂ ನನ್ನ ಕಡೆ ನೋಡಲಿಲ್ಲ. ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಎಲ್ಲ ಮುಗಿದ ಮೇಲೆ ಸಿಸ್ಟರ್ ಉಳಿದಿದ್ದ ಒಂದು ಎಳನೀರನ್ನು ಕೆತ್ತಿಸಿ ತರಲು ಹೇಳಿ, ನನ್ನ ಕಣ್ಣೆದುರೇ ಜಾರಿಗೆ ಸುರಿದರು. ಮುನ್ನೂರು ಮಿಲಿಯ ಗೆರೆ ದಾಟಿತು. "ನಾಲ್ಕು ಅಂದ್ರ ಒಂದೂಕಾಲು ಲೀಟರ್. ನಾವು ಕೊಡ್ರಿ ಅಂದದ್ದಕ್ಕಿಂತ ಮೂರು ಪಾಲು ಜಾಸ್ತಿ. ಮತ್ತ ಇದರಾಗ ಒಂದು ನಮೂನಿ ಉಪ್ಪು ಐತಿ. ಚಲೋ ಇದ್ದಾವರಿಗೆ ಅದು ಒಳ್ಳೇದ. ಮೂತ್ರ ಕಟ್ಟಿದಾವರಿಗೆ ಅದು ಹೊರಗ ಹೋಗಾಂಗಿಲ್ಲ, ಒಳಗ ಉಳಿದು ಎದಿ ಬಡಿತಾನ ನಿಲ್ಲಿಸತೈತಿ."

ನನ್ನ ಎರಡು ಕೈಯನ್ನೂ ನೋಡಿಕೊಂಡೆ. ಮೂರು ದಿನದಿಂದ ಆ ಕೂಸಿನ ಬಾಯಿಗೆ ವಿಷ ಹಿಡಿದಿದ್ದ ಕೈ ಅನ್ನಿಸಿತು. ಅರವತ್ತು ವರ್ಷ ತೆಂಗಿನ ಮರದ ಕೆಳಗೆ ಬದುಕಿದವನು ನಾನು. "ನನ್ ಕೈಯಾರ ನಾನೇ..." ಎಂದು ಅತ್ತುಬಿಟ್ಟೆ.

ಸಿಸ್ಟರ್ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಮ್ಮ ಹಣೆ ತಾವೇ ಬಡಿದುಕೊಂಡರು. "ತಪ್ಪು ನಿಮ್ದಲ್ರೀ. ನಾ ಕೇಳಿದ್ದ ತಪ್ಪು. ನಾ ನೀರು ಎಷ್ಟು ಅಂತ ಕೇಳಿದೆ, ನೀವು ನೀರಿಂದು ಖರೇನ ಹೇಳಿದ್ರಿ. ದಿನಾ ಆ ಕಾಯಿ ನೋಡ್ಕೊಂತ ತಿರುಗಾಡಿದೆ, ಯಾರಿಗಂತ ಕೇಳಲಿಲ್ಲ."

ಆಮೇಲೆ, "ಅಳೂದು ಸಾಕ್ ಮಾಡ್ರಿ. ನಾಳೆ ಸಂಜೀ ತನಕ ವ್ಯಾಳ್ಯಾ ಐತಿ. ಅಂಕಿ ಬರೀಲಿಕ್ಕೆ ಬರತೈತೇನು?" ಅಂದರು.

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ತಕ್ಕಡಿ ಮುಂದೆ ಬೆಳೆದವನಿಗೆ ಅಂಕಿ ಬರದೇ ಇರುತ್ತದೆಯೇ? ಬರುತ್ತದೆ ಅಂದೆ. ಅವರು ಒಂದು ಹಾಳೆಗೆ ನಡುವೆ ಗೆರೆ ಎಳೆದುಕೊಟ್ಟರು. ಎಡಕ್ಕೆ ಒಳಗೆ ಹೋದದ್ದು, ಬಲಕ್ಕೆ ಹೊರಗೆ ಬಂದದ್ದು. ಜಾರಿನ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹೇಗೆ ನೋಡಬೇಕು ಅಂತ ತೋರಿಸಿದರು. ಅವಳ ಮೊಣಕಾಲ ಕೆಳಗಿನ ಮೂಳೆಯ ಮೇಲೆ ನನ್ನ ಹೆಬ್ಬೆರಳಿಟ್ಟು ಒತ್ತಿಸಿದರು. ಬೆರಳು ತೆಗೆದರೂ ಹಸಿ ಮಣ್ಣಿನಲ್ಲಿ ಉಳಿದ ಹಾಗೆ ಗುಳಿ ಉಳಿಯಿತು. "ಈ ಗುಳಿ ಎಷ್ಟು ಲಗೂನ ತುಂಬ್ತೈತಿ ಅಂತ ನೋಡ್ಕೋರಿ. ಉಸಿರು ಎಣಿಸ್ರಿ. ತಲಿನೋವು ಹೆಚ್ಚಾತಂದ್ರ, ಮಂಕಾದಳು ಅಂದ್ರ, ಎದಿ ಹಿಡಕೊಂಡಳು ಅಂದ್ರ ಆ ಕ್ಷಣ ನನ್ನ ಕರೀರಿ. ಅಂಕಿ ಬರದು ಕುಂದರಬ್ಯಾಡ್ರಿ."

ಅಂದು ನಾನು ಒಂದು ಹಟ ಹಿಡಿದೆ. ನನ್ನ ಕೈಯಿಂದ ಕೆಟ್ಟದ್ದು ನನ್ನ ಕೈಯಿಂದಲೇ ಸರಿಯಾಗಬೇಕು. ಈ ಮಗುವಿನೊಳಗೆ ಹೋಗುವ ಒಂದು ಹನಿಯೂ ನನ್ನ ಕಣ್ಣು ತಪ್ಪಬಾರದು.

ಹಟ ಹಿಡಿದ ಒಂದು ಗಂಟೆಗೇ ಪರೀಕ್ಷೆ ಬಂತು. ನನ್ನ ಬಾಮೈದ ರುದ್ರಯ್ಯ ಊರಿನಿಂದ ಬೈಕಿನಲ್ಲಿ ಒಂದು ಗೊನೆ ಎಳನೀರನ್ನೇ ಕಟ್ಟಿಕೊಂಡು ಬಂದ. ನಾನು ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ.

"ಬ್ಯಾಡ ಕಣಪ್ಪ, ವಾಪಸ್ ತಗಂಡೋಗು."

"ಏನ್ ಭಾವ, ತಲೆ ಗಿಲೆ ಕೆಟ್ಟೈತಾ? ತೋಟದೋನಾಗಿ ಎಳನೀರು ಬ್ಯಾಡ ಅಂತೀಯಲ್ಲ!"

"ಹೂಂ, ಕೆಟ್ಟಿತ್ತು. ಈಗ ನೆಟ್ಟಗಾಗೈತೆ. ಬಿಜಾಪುರದ ಸಿಸ್ಟರಮ್ಮ ಬ್ಯಾಡ ಅಂದವ್ರೆ, ಒಳಗೆ ಬುಡಲ್ಲ."

"ಮಗು ಬಾಯಾರಿಕೊಂಡು ಸಾಯ್ತಾ ಐತಲ್ಲ ಭಾವ. ಆ ಬಡಗಲ ಸೀಮೆ ನರ್ಸಮ್ಮಂಗೆ ತೆಂಗಿನ ವಿಷ್ಯ ಏನ್ ಗೊತ್ತು? ನಿಮ್ಮಪ್ಪ ಇದ್ದಿದ್ರೆ ಉಗೀತಿದ್ರು."

"ನಮ್ಮಪ್ಪನೇ ಎದ್ದು ಬಂದ್ರೂ ಬುಡಲ್ಲ ಹೋಗ್ಲಾ!"

ನಾನು ಬಾಮೈದನಿಗೆ ಜೋರು ಮಾತಾಡಿದ್ದು ಅದೇ ಮೊದಲು. ಅವನು ಮುಖ ದಪ್ಪ ಮಾಡಿಕೊಂಡು ಗೊನೆಯನ್ನು ಗೇಟಿನ ಹತ್ತಿರ ಬಿಟ್ಟು ಹೋದ. ಎರಡು ವರ್ಷ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಅದಕ್ಕಿಂತ ಕಷ್ಟದ್ದು ಮಧ್ಯಾಹ್ನ ಬಂತು. ಬಿಸಿಲು ಏರಿತ್ತು. ಅವಳ ಪಾಲಿನ ನೀರಿನಲ್ಲಿ ಸಂಜೆಗೆಂದು ಸ್ವಲ್ಪ ಉಳಿದಿತ್ತು, ಅಷ್ಟೇ. ಪವಿತ್ರ ನನ್ನ ಅಂಗಿ ಹಿಡಿದು ಎಳೆದಳು.

"ತಾತ, ಒಂದೇ ಒಂದ್ ಗುಟುಕು. ಅಜ್ಜಿಗೆ ಯೋಳಲ್ಲ."

"ಬ್ಯಾಡ ಕಣವ್ವ."

"ನೀನ್ ಕೆಟ್ ತಾತ. ನಾನ್ ನಮ್ಮೂರಿಗೆ ಹೋಯ್ತೀನಿ. ನೀನ್ ಕೊಬ್ಬರಿ ಅಲ್ಲಾಡ್ಸುವಾಗ ನಾನ್ ಬರಕ್ಕಿಲ್ಲ."

ಸಿಸ್ಟರ್ ಹೇಳಿಕೊಟ್ಟ ಹಾಗೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿದೆ. ಬಾಯಿ ಮುಕ್ಕಳಿಸಿ ಉಗುಳಿಸಿದೆ. ಅವಳ ಎದುರಿಗೆ ನಾನೂ ನೀರು ಮುಟ್ಟಲಿಲ್ಲ. ಆದರೂ ಅವಳು ಬಿಕ್ಕಿ ಬಿಕ್ಕಿ ಅಳುತ್ತಾ ಒಣಗಿದ ನಾಲಿಗೆ ಹೊರಗೆ ಹಾಕಿ ತೋರಿಸಿದಾಗ ನನ್ನಿಂದ ತಡೆಯಲು ಆಗಲಿಲ್ಲ. ಎರಡು ಚಮಚ ನೀರು ಬಾಯಿಗೆ ಬಿಟ್ಟೆ. ಹಾಳೆ ನೋಡಿದೆ. ಎರಡು ಚಮಚ ತಾನೇ, ಬರೆಯದೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಆಮೇಲೆ ಎದ್ದು ಹೋಗಿ ಸಿಸ್ಟರ್ ಮುಂದೆ ನಿಂತು ಹೇಳಿದೆ.

"ಎರಡು ಚಮಚ ಜಾಸ್ತಿ ಕೊಟ್ಬುಟ್ಟೆ ಕಣಮ್ಮ."

ಅವರು "ಹತ್ತು ಮಿಲಿ ಅಂತ ಬರೀರಿ" ಅಂದರು. ಸಂಜೆಯ ಪಾಲಿನಲ್ಲಿ ಅಷ್ಟನ್ನು ಕಡಿಮೆ ಮಾಡಿದರು.

ಅಂದು ಸಂಜೆ ಜಾರಿಗೆ ಬಿದ್ದದ್ದು ಐವತ್ತು. ಮಾರನೇ ಬೆಳಿಗ್ಗೆ ತೂಕ ಹತ್ತೊಂಬತ್ತೂವರೆಯಲ್ಲೇ ನಿಂತಿತ್ತು. "ಏರಿಲ್ಲ, ನೋಡ್ರಿ. ಏರಿಲ್ಲ ಅಂದ್ರ ಅರ್ಧ ಗೆದ್ದಂಗ" ಅಂದರು ಸಿಸ್ಟರ್. ಬೆಳಿಗ್ಗೆ ಎಂಟಕ್ಕೆ ಅರವತ್ತು. ಹನ್ನೊಂದಕ್ಕೆ ತೊಂಬತ್ತು. ಪ್ರತಿ ಸಲವೂ ಕಿಟಕಿ ಬೆಳಕಿಗೆ ಹಿಡಿದು, ಗೆರೆ ನೋಡಿ, ಅಂಕಿ ಬರೆದೆ. ಡಾಕ್ಟರು ಬಂದು ನೋಡಿ, "ಸಂಜೆ ತನಕ ಕಾಯೋಣ" ಅಂದರು. ಬೆಂಗಳೂರಿಗೆ ಹೋಗಲು ಒಂದು ಕಾರು ಹೇಳಿಟ್ಟಿದ್ದೆ. ಡ್ರೈವರು ಗೇಟಿನ ಹತ್ತಿರ ಬಂದು ಕೂತಿದ್ದ.

ಮೂರು ಗಂಟೆ ಹೊತ್ತಿಗೆ ಪವಿತ್ರ ನಿದ್ದೆಯಿಂದ ಎದ್ದು, "ತಾತ, ಒಂದಕ್ಕೆ, ಬ್ಯಾಗ" ಅಂದಳು. ಜಾರು ಹಿಡಿದೆ. ನೂರು ದಾಟಿತು. ಇನ್ನೂರು ದಾಟಿತು. ನಿಲ್ಲಲೇ ಇಲ್ಲ. ನಿಂತಾಗ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದೆ. ಮುನ್ನೂರ ಐವತ್ತು! ಬಣ್ಣವೂ ತಿಳಿಯಾಗಿತ್ತು. ಜಾರು ಕೈಗೆ ಬೆಚ್ಚಗೆ ತಾಗುತ್ತಿತ್ತು.

ನನಗೆ ಆಮೇಲೆ ಏನಾಯಿತೋ ಗೊತ್ತಿಲ್ಲ. ಆ ಜಾರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ವಾರ್ಡಿನ ಉದ್ದಕ್ಕೂ ಓಡಿದೆ. "ಮುನ್ನೂರೈವತ್ತು! ಸಿಸ್ಟರಮ್ಮಾ, ಮುನ್ನೂರೈವತ್ತು! ಉಯ್ದ್ಬುಟ್ಲು ಕಣಮ್ಮಾ ನಮ್ ಹುಡುಗಿ!" ಜನ ಎದ್ದು ಕೂತರು. ಒಬ್ಬ ಮುದುಕಿ, "ಏನ್ರಪ್ಪ ಅದು, ತೀರ್ಥ ತಂದಂಗೆ ತತ್ತಾವ್ನೆ!" ಅಂದಳು. ಇಡೀ ವಾರ್ಡು ನಕ್ಕಿತು. ನಗಲಿ. ನಾನು ಆ ಮುದುಕಿಯ ಹತ್ತಿರಕ್ಕೂ ಹೋಗಿ ತೋರಿಸಿದೆ. ಗೇಟಿನ ತನಕ ಹೋಗಿ ಕಾರಿನವನಿಗೂ ತೋರಿಸಿ, "ನೀನ್ ಹೋಗಪ್ಪ, ಬೆಂಗಳೂರಿಲ್ಲ!" ಅಂದೆ. ಅವನು ಮೂಗು ಮುಚ್ಚಿಕೊಂಡು ಕಾರು ಹತ್ತಿದ. ಶಾಂತಮ್ಮ ಸಿಸ್ಟರ್ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಗುತ್ತಾ, "ಮೊದಲ ಹಾಳ್ಯಾಗ ಬರೀರಿ ಅಜ್ಜಾರ, ಆಮ್ಯಾಲೆ ಮೆರವಣಿಗಿ ಮಾಡ್ರಿ" ಅಂದರು.

ಅಲ್ಲಿಂದ ಇಳಿಯತೊಡಗಿದ್ದು ನಿಲ್ಲಲಿಲ್ಲ. ದಿನಕ್ಕೆ ಅರ್ಧ, ಮುಕ್ಕಾಲು ಕೆ.ಜಿ. ತೂಕ ಇಳಿಯಿತು. ಕಾಲಿನ ಮೇಲೆ ಒತ್ತಿದರೆ ಗುಳಿ ಉಳಿಯಲಿಲ್ಲ. ಎಂಟನೇ ದಿನ ಅವಳ ಮೊದಲಿನ ಸಣ್ಣ ಮುಖ ನನಗೆ ವಾಪಸ್ಸು ಸಿಕ್ಕಿತು. ಅಷ್ಟು ಚೆಂದದ ಸಣ್ಣ ಮುಖವನ್ನು ನಾನು ಲೋಕದಲ್ಲಿ ಬೇರೆ ಕಂಡಿಲ್ಲ.

ಮನೆಗೆ ಹೊರಟ ದಿನ ಸಿಸ್ಟರ್ ಹತ್ತಿರ ಹೋಗಿ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇ ಬಿಟ್ಟೆ. "ಅವತ್ತು ನೀವು ನನ್ನ ಬಯ್ಯಬೇಕಿತ್ತು. ನಾಲ್ಕು ಜನದ ಮುಂದೆ ಛೀಮಾರಿ ಹಾಕಿದ್ರೂ ನಾನು ತಲೆ ತಗ್ಗಿಸ್ತಿದ್ದೆ. ಯಾಕಮ್ಮ ಬೈಲಿಲ್ಲ?"

ಅವರು ಪವಿತ್ರನ ಫ್ರಾಕಿನ ಗುಂಡಿ ಹಾಕುತ್ತಿದ್ದರು. ತಲೆ ಎತ್ತದೆ, "ನಾ ಬೈದಿದ್ರ, ಆ ಎರಡು ಚಮಚದ್ದು ನೀವಾಗಿ ಬಂದು ನನಗ ಹೇಳ್ತಿದ್ರೇನು?" ಅಂದರು.

"ಇಲ್ಲ ಕಣಮ್ಮ, ಮುಚ್ಚಿಡ್ತಿದ್ದೆ" ಅಂದೆ. ಅದೂ ನಿಜವೇ.

ಪವಿತ್ರ ಈಗ ಹತ್ತನೇ ಕ್ಲಾಸು, ನನಗಿಂತ ಎತ್ತರ ಬೆಳೆದಿದ್ದಾಳೆ. ಮಾತು ಈಗಲೂ ಜಾಸ್ತಿ. ಹೋದ ತಿಂಗಳು ಅವಳ ತಮ್ಮ ಜ್ವರದಲ್ಲಿ ಮಲಗಿದಾಗ, ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಕ್ಯಾಂಡಿ ತಿಂದದ್ದನ್ನು ನನ್ನ ಕಿವಿಯಲ್ಲಿ ಹೇಳಿದ. ಅವರಪ್ಪನಿಗೆ ಹೇಳಲಿಲ್ಲವಂತೆ, ಅಮ್ಮನಿಗೂ ಹೇಳಲಿಲ್ಲವಂತೆ. ನನಗೆ ಕೋಪ ಬರಲಿಲ್ಲ, ಹಿಗ್ಗೇ ಆಯಿತು. ಕಾಯಿಲೆಯಲ್ಲಿರುವ ಜೀವ ನಮ್ಮ ಹತ್ತಿರ ನಿಜ ಹೇಳುತ್ತಿದೆ ಅಂದರೆ, ಆ ಜೀವವನ್ನು ಉಳಿಸಿಕೊಳ್ಳಲು ನಮಗೆ ಇನ್ನೂ ದಾರಿಯಿದೆ.